ಸರ್ಯಾನ್ ಅವರ ಬೆಟ್ಟಕ್ಕೆ ಆ ಬಣ್ಣ ಎಲ್ಲಿಂದ ಬಂತು?

ಹೋದ ಸಂಚಿಕೆಯಲ್ಲಿ ನಾವು ಅಚ್ಚು ಹಾಕಿದ್ದ ಆರ್ಮೇನಿಯನ್ ಚಿತ್ರಕಾರ ಮಾರ್ತಿರೋಸ್ ಸರ್ಯಾನ್ ಅವರ ‘ಆರ್ಮೇನಿಯಾ’ ಚಿತ್ರ ನೋಡಿ ಹಾಸನದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಕಿತ್ತಳೆ ಮಣ್ಣು, ನೀಲಿ ನೆರಳು. ನನ್ನ ಹುಡುಗರು ಹೀಗೆ ಬಳಿದಿದ್ದರೆ ತಿದ್ದಿಸುತ್ತಿದ್ದೆ. ಅಷ್ಟೊಂದು ಸಾವು ನೋವು ಕಂಡ ಜನಾಂಗ ಅದು. ಚಿತ್ರದಲ್ಲಿ ಅದರ ಗುರುತೇ ಇಲ್ಲವಲ್ಲ?”

ಪ್ರಿಯ ಮೇಷ್ಟ್ರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲು ನೆರಳಿನ ವಿಷಯ. ಮಟಮಟ ಮಧ್ಯಾಹ್ನ ಬಿಳಿ ಗೋಡೆಯ ಮೇಲೆ ಬಿದ್ದ ನೆರಳನ್ನು ಸ್ವಲ್ಪ ಹೊತ್ತು ನೋಡಿ. ಅಲ್ಲಿಗೆ ಬಿಸಿಲು ತಲುಪುವುದಿಲ್ಲ, ಆಕಾಶದ ಬೆಳಕು ತಲುಪುತ್ತದೆ. ಅದಕ್ಕೇ ಅದರಲ್ಲಿ ನೀಲಿ ಇರುತ್ತದೆ. ಆರ್ಮೇನಿಯಾದ ರಾಜಧಾನಿ ಯೆರೆವಾನ್ ಸುತ್ತಮುತ್ತ ಎತ್ತರದ ಒಣ ನೆಲ. ಬೇಸಿಗೆಯಲ್ಲಿ ಬಿಸಿಲು ಚುರುಕು. ಬೆಳಕೂ ನೆರಳೂ ಕತ್ತರಿಸಿಟ್ಟ ಹಾಗೆ ಕಾಣುತ್ತವೆ. ಸರ್ಯಾನ್ ಆ ನೀಲಿಯನ್ನು ಜಾಸ್ತಿ ಮಾಡಿದರು, ನಿಜ. ಇಲ್ಲದ್ದನ್ನು ತಂದು ಬಳಿಯಲಿಲ್ಲ.

ತಿದ್ದಿ ಬರೆಯುವುದು ಅವರಿಗೆ ಬರುತ್ತಿತ್ತು. ಮಾಸ್ಕೋದ ಕಲಾಶಾಲೆಯಲ್ಲಿ 1897ರಿಂದ ಕಲಿತವರು. ರಷ್ಯಾದ ಹೆಸರಾಂತ ಚಿತ್ರಕಾರರಾದ ಸೆರೋವ್ ಮತ್ತು ಕೊರೋವಿನ್ ಅಲ್ಲಿ ಅವರಿಗೆ ಕಲಿಸಿದ ಗುರುಗಳು. 1880ರಲ್ಲಿ ಅವರು ಹುಟ್ಟಿದ್ದು ಆರ್ಮೇನಿಯಾದಲ್ಲಲ್ಲ, ರಷ್ಯಾದ ದೋನ್ ನದಿಯ ದಡದಲ್ಲಿ ಆರ್ಮೇನಿಯನ್ನರು ಕಟ್ಟಿಕೊಂಡಿದ್ದ ಊರಿನಲ್ಲಿ. ಹಿರಿಯರ ನಾಡನ್ನು ಕಣ್ಣಾರೆ ಕಂಡದ್ದು 1901ರಲ್ಲಿ. ಹುಟ್ಟಿದಾಗಿನಿಂದ ನೋಡುತ್ತಿದ್ದರೆ ಆ ಬೆಟ್ಟಗಳು ಅವರ ಕಣ್ಣಿಗೆ ಇಷ್ಟು ಹೊಸದಾಗಿ ಬೀಳುತ್ತಿರಲಿಲ್ಲವೇನೋ ಎಂದು ನನಗನ್ನಿಸುತ್ತದೆ. ಆಮೇಲೆ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್), ಈಜಿಪ್ಟ್, ಪರ್ಷಿಯಾ ಸುತ್ತಿದರು. ಆ ಕಾಲದಲ್ಲಿ ಕಾರ್ಡ್‌ಬೋರ್ಡಿನ ಮೇಲೆ ಟೆಂಪೆರಾದಲ್ಲಿ (ಮೊಟ್ಟೆಯ ಲೋಳೆಯಂಥ ಅಂಟಿನಲ್ಲಿ ಕಲಸಿದ ಬಣ್ಣದಲ್ಲಿ) ಬರೆದ ಈಜಿಪ್ಟಿನ ಖರ್ಜೂರದ ಮರ (1911) ನೋಡಿ. ನಾಲ್ಕೈದು ಬಣ್ಣ, ಅಷ್ಟೇ. ಸೆಕೆ ಮೈಗೆ ತಾಗುತ್ತದೆ.

ನಿಮ್ಮ ಎರಡನೇ ಮಾತು ನನ್ನನ್ನು ಜಾಸ್ತಿ ಕಾಡಿತು. 1915ರಲ್ಲಿ ಆಟೊಮನ್ ತುರ್ಕಿಯಲ್ಲಿ ಆರ್ಮೇನಿಯನ್ನರ ಕಗ್ಗೊಲೆ ಶುರುವಾದಾಗ ತಪ್ಪಿಸಿಕೊಂಡವರು ಗಡಿ ದಾಟಿ, ಆರ್ಮೇನಿಯನ್ ಚರ್ಚಿನ ಪೀಠವಿರುವ ಎಚ್ಮಿಯಾಜಿನ್‌ ಊರಿಗೆ ಬಂದರು. ಆ ನಿರಾಶ್ರಿತರ ನೆರವಿಗೆ ಸರ್ಯಾನ್ ಅಲ್ಲಿಗೆ ಹೋದರು. ಹಸಿವು, ರೋಗ, ಕಣ್ಣೆದುರೇ ಸಾವು. ಸರ್ಯಾನ್ ಕುಗ್ಗಿಹೋದರು. 1921ರಲ್ಲಿ ಹೆಂಡತಿ ಮಕ್ಕಳೊಂದಿಗೆ ಯೆರೆವಾನ್‌ಗೆ ಬಂದು ನೆಲೆಸಿದರು. ಆಗ ಅದು ಅನಾಥರಿಂದ, ನಿರಾಶ್ರಿತರಿಂದ ತುಂಬಿದ ಬಡ ಊರು. ಆರ್ಮೇನಿಯನ್ನರು ತಮ್ಮ ನಾಡಿನ ಗುರುತೆಂದು ಕಾಣುವ ಅರಾರತ್ ಪರ್ವತ ಊರಿನಿಂದ ಕಾಣುತ್ತದೆ, ಆದರೆ ಇರುವುದು ಗಡಿಯಾಚೆ, ತುರ್ಕಿಯಲ್ಲಿ. ‘ಆರ್ಮೇನಿಯಾ’ ಬರೆದದ್ದು 1923ರಲ್ಲಿ. ಚಿತ್ರದ ಕೆಳಭಾಗದಲ್ಲಿ ಮನೆಯ ಚಪ್ಪಟೆ ಮಾಳಿಗೆಯ ಮೇಲೆ ಕುಣಿಯುತ್ತಿರುವವರನ್ನು ಗಮನಿಸಿದಿರಾ? ಎಚ್ಮಿಯಾಜಿನ್ನಿನ ಆ ದಿನಗಳು ಕಳೆದು ಆಗಿನ್ನೂ ಎಂಟೇ ವರ್ಷ. ಅವರನ್ನು ಕುಣಿಸಲು ಸರ್ಯಾನ್ ಎಷ್ಟು ಗಟ್ಟಿ ಮನಸ್ಸು ಮಾಡಿರಬೇಕು ಅಲ್ವಾ? ನೀವು ಹುಡುಕಿದ ಗುರುತು ನನಗೆ ಕಾಣುವುದು ಅಲ್ಲೇ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1926ರಿಂದ 1928ರವರೆಗೆ ಪ್ಯಾರಿಸ್‌ನಲ್ಲಿದ್ದರು. ವಾಪಸು ಬರುವಾಗ ಹಡಗಿಗೆ ಬೆಂಕಿ ಬಿದ್ದು ಅಲ್ಲಿ ಬರೆದ ಚಿತ್ರಗಳಲ್ಲಿ ಹೆಚ್ಚಿನವು ಸುಟ್ಟುಹೋದವು. 1923ರಲ್ಲಿ ಅವರು ಬರೆದ ಭಾವಚಿತ್ರದಲ್ಲಿರುವ ಆರ್ಮೇನಿಯನ್ ಕವಿ ಚಾರೆಂತ್ಸ್ 1937ರಲ್ಲಿ ಸ್ಟಾಲಿನ್ ಆಡಳಿತದ ಸೆರೆಯಲ್ಲೇ ತೀರಿಕೊಂಡರು. ಸರ್ಯಾನ್ ಮಾತ್ರ ಬರೆಯುತ್ತಲೇ ಇದ್ದರು, 1972ರಲ್ಲಿ ತೀರಿಕೊಳ್ಳುವ ಹೊತ್ತಿಗೆ 92 ವರ್ಷ.

ನಿಮ್ಮ ದೂರಿನಲ್ಲಿ ಒಂದಕ್ಕೆ ನಾವೇ ಹೊಣೆ. ನಮ್ಮ ಅಚ್ಚಿನಲ್ಲಿ ಕಿತ್ತಳೆ ಬಣ್ಣ ಅತಿಯಾಗಿದೆ. ಮುಂದಿನ ಸಂಚಿಕೆಯಲ್ಲಿ ಚಿತ್ರವನ್ನು ಸರಿಯಾದ ಬಣ್ಣದಲ್ಲಿ, ಎರಡು ಪುಟದಗಲ ಹಾಕುತ್ತಿದ್ದೇವೆ. ನೋಡಿ, ಮತ್ತೆ ಬರೆಯಿರಿ.

– ಸಂಪಾದಕ