ವಿಜಯಪುರದ ಕಸ: ಸುಡಬೇಕೋ, ಕೊಳೆಸಬೇಕೋ?

ಸ್ವೀಡನ್‌ನವರು ಕಸ ಸುಟ್ಟು ಕರೆಂಟ್ ಮಾಡ್ತಾರೆ, ವಿಜಯಪುರದಲ್ಲಿ ಯಾಕೆ ಆಗಲ್ಲ ಅಂತ ಕೇಳಿದ್ದೀರಿ. ಸುಡುವ ಸ್ಥಾವರ ಇಲ್ಲಿಗೆ ಒಗ್ಗುವುದಿಲ್ಲ, ಹಸಿ ಕಸ ಕೊಳೆಸಿ ಗ್ಯಾಸ್ ತೆಗೆಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ವೀಡನ್ ಸ್ಥಾವರಗಳು ಕರೆಂಟಿಗಿಂತ ಹೆಚ್ಚಾಗಿ ಮಾರುವುದು ಬಿಸಿ. ಬಿಸಿನೀರು ಪೈಪಿನಲ್ಲಿ ಊರ ಮನೆಗಳಿಗೆ ಹೋಗುತ್ತದೆ. ನಮ್ಮ ಬಿಸಿಲ ನಾಡಿನಲ್ಲಿ ಅದಕ್ಕೆ ಗಿರಾಕಿ ಎಲ್ಲಿ? ಕಸವೂ ಬೇರೆ. ಅಲ್ಲಿನದು ಒಣ, ಸುಟ್ಟರೆ ಕಿಲೋಗೆ ಸುಮಾರು 2,400 ಕಿಲೋಕ್ಯಾಲರಿ ಶಾಖ. ನಮ್ಮದರಲ್ಲಿ ಹೆಚ್ಚುಕಡಿಮೆ ಅರ್ಧ ನೀರು, ಮೇಲೆ ರಸ್ತೆ ಗುಡಿಸಿದ ಮಣ್ಣು. ಕಿಲೋ ನೀರು ಆವಿಯಾಗಲೇ 600 ಕಿಲೋಕ್ಯಾಲರಿ ಹೋಗುತ್ತದೆ. ಯುರೋಪಿನ ನಿಯಮದಂತೆ ಹೊಗೆ 850 ಡಿಗ್ರಿಯಲ್ಲಿ 2 ಸೆಕೆಂಡ್ ನಿಲ್ಲಬೇಕು, ಇಲ್ಲದಿದ್ದರೆ ಡಯಾಕ್ಸಿನ್ ಎಂಬ ವಿಷ ಹೊಗೆಯಲ್ಲಿ ಉಳಿಯುತ್ತದೆ. ಒದ್ದೆ ಕಸದಲ್ಲಿ ಆ ಶಾಖ ಹಿಡಿಯಲು ಡೀಸೆಲ್ ಸುರಿಯಬೇಕಾಗುತ್ತದೆ. ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲಿ ಅರ್ಧ ನೀರಿರುವ ಕಬ್ಬಿನ ಸಿಪ್ಪೆ ಉರಿಯುತ್ತದಲ್ಲ ಎಂದು ಕೇಳಬಹುದು. ಅದರಲ್ಲಿ ಬೂದಿ ಬಲು ಕಡಿಮೆ, ಮತ್ತು ದಿನವೂ ಒಂದೇ ಸರಕು; ಊರ ಕಸ ಹಾಗಲ್ಲ.

ಇಂದೋರ್‌ನಲ್ಲಿ 2022ರಿಂದ ದಿನಕ್ಕೆ 550 ಟನ್ ಸಾಮರ್ಥ್ಯದ ಬಯೋ ಸಿಎನ್‌ಜಿ (ಹಸಿ ಕಸದ ಗ್ಯಾಸನ್ನು ಶುದ್ಧಮಾಡಿ ಒತ್ತಿ ತುಂಬಿದ ಇಂಧನ) ಘಟಕವಿದೆ. ಅದರ ಬುನಾದಿ ಯಂತ್ರವಲ್ಲ, ಮನೆಬಾಗಿಲಲ್ಲೇ ಬೇರೆಯಾಗಿ ಬರುವ ಹಸಿ ಕಸ.

ನಮ್ಮಲ್ಲಿ ದಿನಕ್ಕೆ 5 ಟನ್ ಹಸಿ ಕಸದ ಘಟಕವಾದರೆ: ಕಸವನ್ನು 10 ಮಿ.ಮೀ.ಗೆ ಅರೆದು ಅಷ್ಟೇ ತೂಕದ ನೀರು ಬೆರೆಸಿ. ಡೈಜೆಸ್ಟರ್ (ಗಾಳಿಯಾಡದೆ ಕಸ ಕೊಳೆಯುವ ಮುಚ್ಚಿದ ತೊಟ್ಟಿ) ಮೊದಲು ಸಗಣಿ ರಾಡಿಯಿಂದ ತುಂಬಿ, ಗ್ಯಾಸ್ ನೀಲಿಯಾಗಿ ಉರಿಯತೊಡಗಿದ ಮೇಲಷ್ಟೇ ಹತ್ತನೇ ಒಂದು ಪಾಲು ಕಸ ಹಾಕಿ, ಎರಡು ತಿಂಗಳಲ್ಲಿ ಪೂರ್ತಿಗೆ ಏರಿಸಿ. ತೊಟ್ಟಿಯೊಳಗೆ 35 ಡಿಗ್ರಿ ಬೇಕು; ಬೇಸಿಗೆಯಲ್ಲಿ ಚಿಂತೆಯಿಲ್ಲ, ಡಿಸೆಂಬರ್ ರಾತ್ರಿಗಳಲ್ಲಿ ಗ್ಯಾಸ್ ಇಳಿಯುತ್ತದೆ. ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 6.8ರಿಂದ 7.5ರೊಳಗಿರಲಿ. ಮದುವೆ ಸೀಸನ್‌ನಲ್ಲಿ ಅನ್ನ ಒಮ್ಮೆಲೇ ಬಿದ್ದರೆ ಆಮ್ಲ ಏರಿ, ಉರಿಯುವ ಗ್ಯಾಸಾದ ಮಿಥೇನ್ ತಯಾರಿಸುವ ಬ್ಯಾಕ್ಟೀರಿಯಾ ಸುಸ್ತಾಗುತ್ತವೆ. ಪಿಎಚ್ 6.5ಕ್ಕಿಂತ ಇಳಿದರೆ ಕಸ ಹಾಕುವುದನ್ನು ನಿಲ್ಲಿಸಿ, ಸುಣ್ಣದ ತಿಳಿ ಸ್ವಲ್ಪಸ್ವಲ್ಪವೇ ಹಾಕಿ.

ಇಂಡಿ ಕಡೆಯ ಲಿಂಬಿ ಸಿಪ್ಪೆಯನ್ನು ರಾಶಿಗಟ್ಟಲೆ ಹಾಕಲೇಬೇಡಿ. ಅದರ ಎಣ್ಣೆ ಆ ಬ್ಯಾಕ್ಟೀರಿಯಾಗಳಿಗೆ ವಿಷ. ಉಳ್ಳಾಗಡ್ಡಿ ಸಿಪ್ಪೆ ತೇಲಿ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಅದು ಕಾಂಪೋಸ್ಟಿಗೆ ಹೋಗಲಿ.

ಟನ್ನಿಗೆ 60ರಿಂದ 100 ಘನಮೀಟರ್ ಗ್ಯಾಸ್ ಬರುತ್ತದೆ. ಎಂಜಿನ್ನಿಗೆ ಕೊಟ್ಟರೆ ಘನಮೀಟರಿಗೆ ಒಂದೂವರೆ-ಎರಡು ಯೂನಿಟ್ ಕರೆಂಟ್, ಉಳಿದದ್ದೆಲ್ಲ ಬಿಸಿಯಾಗಿ ಪೋಲು. ಒಲೆಗೆ ಕೊಟ್ಟರೆ ಅದೇ ಘನಮೀಟರ್ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ಹಾಗಾಗಿ ಹತ್ತಿರದ ಹಾಸ್ಟೆಲ್ ಅಥವಾ ಖಾನಾವಳಿಗೆ ಪೈಪ್ ಎಳೆಯಿರಿ. ಎಂಜಿನ್ನೇ ಬೇಕೆಂದರೆ ಅದಕ್ಕೂ ಮುಂಚೆ ಕಬ್ಬಿಣದ ಚೂರು ತುಂಬಿದ ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ಗ್ಯಾಸಿನ ಜೊತೆ ಬರುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ.