ಗಾಜಿನ ಗೋಡೆಯೊಳಗಿನ ಕಾರು ಕಾರ್ಖಾನೆ

ಪ್ರಶ್ನೆ: ಜರ್ಮನಿಯ ಡ್ರೆಸ್ಡೆನ್ ನಗರದ ನಡುವೆ, ಉದ್ಯಾನದ ಪಕ್ಕದಲ್ಲೇ, ಐಷಾರಾಮಿ ಕಾರುಗಳನ್ನು ತಯಾರಿಸುವ ಗಾಜಿನ ಕಾರ್ಖಾನೆಯಿದೆಯಂತೆ. ಹೊಗೆ, ಗದ್ದಲಗಳಿಲ್ಲದೆ ಅದು ಹೇಗೆ ಸಾಧ್ಯ? ಅಲ್ಲಿ ಈಗಲೂ ಕಾರುಗಳು ತಯಾರಾಗುತ್ತಿವೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಫೋಕ್ಸ್‌ವ್ಯಾಗನ್ ಸಂಸ್ಥೆಯು ತನ್ನ ಫೈಟನ್ ಕಾರಿಗಾಗಿ ಕಟ್ಟಿಸಿದ ಈ ಕಾರ್ಖಾನೆಯು 2001ರ ಡಿಸೆಂಬರಿನಲ್ಲಿ ಆರಂಭವಾಯಿತು, ಇದರ ವಾಸ್ತುಶಿಲ್ಪಿ ಗುಂಟರ್ ಹೆನ್. ತಗಡು ಒತ್ತುವ, ಬೆಸೆಯುವ, ಬಣ್ಣ ಬಳಿಯುವ ಕೆಲಸಗಳೆಲ್ಲ ಬೇರೆಡೆ ಮುಗಿದು, ಇಲ್ಲಿ ಜೋಡಣೆಯಷ್ಟೇ ನಡೆಯುತ್ತಿದ್ದುದರಿಂದ ಚಿಮಣಿಯ ಅಗತ್ಯವೇ ಇರಲಿಲ್ಲ. ಆದ್ದರಿಂದ ಗಾಜಿನಾಚೆ ಕಾಣುತ್ತಿದ್ದುದು ಕಾರು ತಯಾರಿಕೆಯ ಅಂದವಾದ ಭಾಗ ಮಾತ್ರ ಎಂಬುದನ್ನು ಮರೆಯಬಾರದು. ಮೇಪಲ್ ಮರದ ನೆಲಹಾಸಿನ ಮೇಲೆ ಬಿಳಿಯುಡುಪಿನ ಕೆಲಸಗಾರರು ಬಹುಪಾಲು ಕೈಯಿಂದಲೇ ಜೋಡಿಸಿದ ಕಾರುಗಳು, ಸುಮಾರು 40 ಮೀಟರ್ ಎತ್ತರದ ಗಾಜಿನ ಗೋಪುರದಲ್ಲಿ ತಮ್ಮ ಒಡೆಯರಿಗಾಗಿ ಕಾದಿರುತ್ತಿದ್ದವು. ನಗರದ ಬೀದಿಗಳಲ್ಲಿ ಲಾರಿಗಳ ಓಡಾಟ ಹೆಚ್ಚದಂತೆ, ಬಿಡಿಭಾಗಗಳನ್ನು ಸರಕು ಸಾಗಿಸುವ ನೀಲಿ ಟ್ರಾಮ್ ಒಂದು ಊರಿನ ಟ್ರಾಮ್ ಹಳಿಗಳ ಮೇಲೆಯೇ ತಂದೊಪ್ಪಿಸುತ್ತಿತ್ತು. 2002ರ ಪ್ರವಾಹದಲ್ಲಿ ಅಲ್ಲಿನ ಪ್ರಸಿದ್ಧ ಒಪೆರಾ ಮಂದಿರಕ್ಕೆ ನೀರು ನುಗ್ಗಿದಾಗ, 'ಕಾರ್ಮೆನ್' ಗೀತನಾಟಕವನ್ನು ಈ ಕಾರ್ಖಾನೆಯಲ್ಲೇ ಆಡಿದರು. ಇಂತಹ ಗೌರವ ಬೇರೆ ಕಾರ್ಖಾನೆಗಳಿಗೆ ಸಿಗುವುದು ಅಪರೂಪ.

ಕಾರು ಮಾತ್ರ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಜನಸಾಮಾನ್ಯರ ಕಾರಿಗೆ ಹೆಸರಾದ ಲಾಂಛನಕ್ಕೆ ಸಿರಿವಂತರು ಅಷ್ಟೊಂದು ಹಣ ಕೊಡಲು ಹಿಂಜರಿದರೆಂದೇ ನಮ್ಮ ಅಭಿಪ್ರಾಯ. 2016ರಲ್ಲಿ ಫೈಟನ್ ನಿಂತಿತು. ಬಳಿಕ ವಿದ್ಯುತ್ ಚಾಲಿತ ಇ-ಗಾಲ್ಫ್, 2021ರಿಂದ ಐಡಿ.3 ಕಾರುಗಳು ಅಲ್ಲಿ ತಯಾರಾದವು. 2025ರ ಡಿಸೆಂಬರಿನಲ್ಲಿ ಅದೂ ನಿಂತಿದೆ.