ಮುಟ್ಟುವ ಮೊದಲು ಒಂದು ಮಾತು

ಓದುಗರ ಪತ್ರ: ಅತ್ಯಾಚಾರಕ್ಕೆ ಒಳಗಾಗಿ ಬಂದವರ ಜತೆ ನರ್ಸ್‌ಗಳು ಮೆತ್ತಗೆ ನಡೆದುಕೊಳ್ಳಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ನಾನೊಬ್ಬಳೇ. ಬೇಗ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಮುಗಿಸಲಾ, ಇಲ್ಲ ಪ್ರತಿಯೊಂದಕ್ಕೂ ಒಪ್ಪಿಗೆ ಕೇಳುತ್ತಾ ಕೂರಲಾ?
– ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್ (ಹೆಸರು ಬೇಡ ಎಂದಿದ್ದಾರೆ)

ಸಿಸ್ಟರ್, ನಿಮ್ಮ ಕೆಲಸದ ಹೊರೆ ನಿಜ. ತಡವಾದರೆ ಸಾಕ್ಷ್ಯ ಹಾಳಾಗುತ್ತದೆ, ಅದೂ ನಿಜ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಲೇಬೇಕು. ಆದರೆ 'ಕೇಳುತ್ತಾ ಕೂರಲಾ' ಅಂದಿರಲ್ಲ, ಅದು ಚುಚ್ಚಿತು.

ಕೆಲವು ವರ್ಷಗಳ ಹಿಂದೆ ಪರಿಚಯದ ಹುಡುಗಿಯೊಬ್ಬಳ ಜತೆ ಒಂದು ಆಸ್ಪತ್ರೆಗೆ ಹೋಗಿದ್ದೆ. "ರೇಪ್ ಕೇಸಾ? ಆ ಕಡೆ ಕೂರಿ" ಅಂತ ಕೌಂಟರಿನಿಂದಲೇ ಕೂಗಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿ ಅಳಲಿಲ್ಲ. ಕೇಳಿದ್ದಕ್ಕೆ ಉತ್ತರವನ್ನೂ ಕೊಡಲಿಲ್ಲ. "ಏನೂ ಆಗದವಳ ಥರ ಕೂತಿದ್ದಾಳೆ" ಅಂತ ಯಾರೋ ಅಂದರು. ಭಯ ಮಿತಿಮೀರಿದಾಗ ಮೈ ಮರಗಟ್ಟಿಬಿಡುತ್ತದೆ, ನೆನಪು ಚೂರುಚೂರಾಗಿ ಬರುತ್ತದೆ. ಅದನ್ನು ನಾವು ಸುಳ್ಳು ಅಂದುಕೊಳ್ಳುತ್ತೇವೆ.

ಪಾಳಿ ಬದಲಾಗಿ ವಯಸ್ಸಾದ ಸಿಸ್ಟರ್ ಒಬ್ಬರು ಬಂದರು. ಪರದೆ ಎಳೆದರು. ಸ್ಟೂಲ್ ಹಾಕಿಕೊಂಡು ಅವಳೆದುರು ಕೂತರು. "ಬಿಪಿ ನೋಡ್ತೀನಿ ಮಗಳೇ, ಕೈ ಹಿಡೀಲಾ? ಬೇಡ ಅನ್ನಿಸಿದ್ರೆ ಹೇಳು, ನಿಲ್ಲಿಸ್ತೀನಿ." ಎಷ್ಟು ಹೊತ್ತು ಹಿಡಿಯಿತು ಹೇಳಿ? ಅವಳೇ ಕೈ ಚಾಚಿದಳು. ಆಮೇಲಿನ ಕೆಲಸವೆಲ್ಲ ಬೇಗ ಬೇಗ ಆಯಿತು.

ಇದು ನೀವು ಮಾಡುವ ಉಪಕಾರವೂ ಅಲ್ಲ, ಅವಳ ಹಕ್ಕು. ಪರೀಕ್ಷೆಗೆ, ಸಾಕ್ಷ್ಯ ತೆಗೆಯುವುದಕ್ಕೆ ಒಪ್ಪಿಗೆ ಬೇಕು, ಅವಳು ಬೇಡ ಅಂದರೂ ಚಿಕಿತ್ಸೆ ನಿಲ್ಲಬಾರದು ಎನ್ನುತ್ತದೆ ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ. ಖಾಸಗಿ ಆಸ್ಪತ್ರೆಯೂ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕು ಅಂತ 2013ರಿಂದ ಕಾನೂನೇ ಇದೆ. ಲೈಂಗಿಕ ಸಂಬಂಧದ ಅನುಭವ ಇದೆಯೇ ಅಂತ ಯೋನಿಯೊಳಗೆ ಬೆರಳು ಹಾಕಿ ನೋಡುವ 'ಎರಡು ಬೆರಳಿನ ಪರೀಕ್ಷೆ' ತಪ್ಪು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರಲ್ಲಿ ಮತ್ತೆ ಹೇಳಬೇಕಾಗಿ ಬಂತು! ಒಂಬತ್ತು ವರ್ಷ, ಸಿಸ್ಟರ್.

ಬರೆಯುವಾಗೆಲ್ಲ ನನಗೆ ನಮ್ಮ ಹಳದೀಪುರದ ಅರುಣಾ ಶಾನಭಾಗ ನೆನಪಾಗುತ್ತಾರೆ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲೇ ಕೆಲಸಕ್ಕಿದ್ದವನೊಬ್ಬ ಅವರ ಮೇಲೆ ಎರಗಿ ಅತ್ಯಾಚಾರ ಮಾಡಿದ. ಅವನಿಗೆ ಶಿಕ್ಷೆಯಾಗಿದ್ದು ದರೋಡೆ ಮತ್ತು ಕೊಲೆಯತ್ನಕ್ಕೆ ಮಾತ್ರ. ಮಿದುಳಿಗೆ ಪೆಟ್ಟಾಗಿದ್ದ ಅರುಣಾ 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ನಲವತ್ತೊಂದು ವರ್ಷಕ್ಕೂ ಜಾಸ್ತಿ. ತಲೆಮಾರುಗಳ ನರ್ಸ್‌ಗಳು ಅವರಿಗೆ ಉಣಿಸಿದರು, ಮೈ ಒರೆಸಿದರು. ಮೈಮೇಲೆ ಒಂದು ಹಾಸಿಗೆ ಹುಣ್ಣೂ ಇರಲಿಲ್ಲ ಅನ್ನುವುದು ಅವರ ದಯಾಮರಣದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ 2011ರ ತೀರ್ಪಿನಲ್ಲೇ ದಾಖಲಾಗಿದೆ. ಆ ನರ್ಸ್‌ಗಳಿಗೂ ಪಾಳಿ ಇತ್ತು, ವಾರ್ಡಿನ ತುಂಬ ರೋಗಿಗಳಿದ್ದರು. ನೀವೂ ಅವರದೇ ಬಳಗದವರು, ಅಲ್ವಾ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಅಮೆರಿಕದಲ್ಲಿ 1970ರ ದಶಕದಿಂದಲೇ ನರ್ಸ್‌ಗಳಿಗೆ ತರಬೇತಿ ಕೊಟ್ಟು, ಅತ್ಯಾಚಾರಕ್ಕೆ ಒಳಗಾದವರ ಪರೀಕ್ಷೆಯನ್ನು ಅವರಿಂದಲೇ ಮಾಡಿಸುತ್ತಾರೆ. ನಮ್ಮಲ್ಲಿ ಡಾಕ್ಟರೇ ಮಾಡಬೇಕು. ಅವರು ಬರುವವರೆಗೆ ಆ ಹುಡುಗಿಯ ಪಕ್ಕದಲ್ಲಿರುವುದು ನೀವು, ಆ ಹೊತ್ತಿಗೆ ನಿಮ್ಮನ್ನು ತಯಾರು ಮಾಡುವವರು ಯಾರೂ ಇಲ್ಲ. ಊರೂರಿಗೆ ನರ್ಸಿಂಗ್ ಕಾಲೇಜು ತೆರೆದ ರಾಜ್ಯ ನಮ್ಮದು. ವಾರ್ಡಿಗೆ ಮಾತ್ರ ಒಬ್ಬರೇ ನರ್ಸ್! ಕಲಿತವರು ವಿಮಾನ ಹತ್ತುತ್ತಾರೆ, ಉಳಿದವರು ಗುತ್ತಿಗೆ ಸಂಬಳಕ್ಕೆ ಕಾಯುತ್ತಾರೆ.

ರಾತ್ರಿ ಪಾಳಿಗೆ ಇಬ್ಬರು ಬೇಕು ಅಂತ ಮೇಲಿನವರಿಗೆ ಅರ್ಜಿ ಬರೆಯಿರಿ. ಒಂದು ಪ್ರತಿ ನನಗೂ ಕಳಿಸಿ. ನಿಮ್ಮ ಹೆಸರು ತೆಗೆದು ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ಹಾಕುತ್ತೇನೆ.